ಮಾನಕ ಹಿಟ್ಟು

ಮುಚ್ಚಳ ತೆಗೆದ ಕೂಡಲೇ ಮುಗ್ಗು ವಾಸನೆ ಕೌಸರಳ ಮೂಗಿಗೆ ಬಡಿಯಿತು. ಶೀಷೆಯೊಳಗೆ ಚಮಚ ಇಳಿಸಿದರೆ ಹಿಟ್ಟು ಬಲೆ ಕಟ್ಟಿದಂತೆ ಎಳೆ ಎಳೆಯಾಗಿ ಮೇಲೆ ಬಂತು. ಅದರ ನಡುವೆ ಬಿಳಿ ಹುಳುವೊಂದು ಮೈ ಹೊರಳಿಸುತ್ತಿತ್ತು. ಅವಳು ಚಮಚ ಬಿಟ್ಟು ಹಿಂದೆ ಸರಿದಳು.

ಮನೆಯ ಹಿಟ್ಟಾಗಿದ್ದರೆ ಸಾಣಿಸಬಹುದಿತ್ತು. ಅವಳು ಜೇನು ಪರೀಕ್ಷಿಸುತ್ತಿದ್ದ ಬೆಳಗಾವಿಯ ಸದಾಶಿವನಗರದ ಖಾಸಗಿ ಪ್ರಯೋಗಶಾಲೆಯಲ್ಲಿ ಅದು ತಕ್ಕಡಿಯ ಕಲ್ಲಿದ್ದಂತೆ. ಪರದೇಶದಿಂದ ತರಿಸಿದ ಮಾನಕ ಗೋಧಿ ಹಿಟ್ಟು. ಹುಳು ಹುಟ್ಟದಂತೆ ಹದ ಮಾಡಿ, ಅದರಲ್ಲಿರುವ ಎರಡು ಬಗೆಯ ಇಂಗಾಲದ ಪೈಕಿ ಭಾರದ್ದು ಎಷ್ಟು, ಹಗುರದ್ದು ಎಷ್ಟು ಎಂದು ಅಳೆದು ಕಳಿಸಿದ್ದು. ಕಬ್ಬಿನ ಸಕ್ಕರೆಯಲ್ಲಿ ಭಾರದ ಇಂಗಾಲ ಹೆಚ್ಚು, ಕಾಡುಹೂವಿನ ಮಕರಂದದಲ್ಲಿ ಕಡಿಮೆ. ಹೀಗಾಗಿ ಜೇನಿಗೆ ಪಾಕ ಬೆರೆಸಿದರೆ ಯಂತ್ರ ಹಿಡಿದುಹಾಕುತ್ತದೆ. ಆದರೆ ಯಂತ್ರಕ್ಕೆ ಹೋಲಿಸಿ ನೋಡಲು ಈ ಹಿಟ್ಟೇ ಆಧಾರ.

ಅವಳು ಶೀಷೆ ಹಿಡಿದು ಮಾಲಕ ಓಂಕಾರನ ಕೋಣೆಗೆ ಹೋದಳು.

"ಸರ್, ಇದರಾಗ ಹುಳಾ ಬಿದ್ದಾವ್ರಿ."

"ಸಾಣಿಸಿ ತಗೋ." ಓಂಕಾರ ಬಿಸ್ಕಿಟನ್ನು ಚಹಾದಲ್ಲಿ ಅದ್ದಿದ.

"ಆ ಹಿಟ್ಟಿಗೆ ಹುಳಾ ಬೀಳಂಗಿಲ್ರಿ. ಇದು ಅದಽ ಹಿಟ್ಟೇನ್ರಿ?"

"ಅದು ಚಳಿಗಾಲದಾಗಽ ತೀರಿತು. ತರಿಸಬೇಕಂದ್ರ ತಿಂಗಳಗಟ್ಟಲೆ ಕಾಯಬೇಕು. ಮನಿಯಾಗ ಅಕ್ಕಿ ಹಿಟ್ಟಿತ್ತು, ಹಾಕೀನಿ." ನಕ್ಕಾಗ ತುಟಿಯ ಮೂಲೆಯಲ್ಲಿ ಬಿಸ್ಕಿಟಿನ ಲೋಳೆ ಕಾಣಿಸಿತು. "ಮಷಿನ್‌ಗೇನು ರುಚಿ ತಿಳಿತದೇನು?"

ಕೌಸರ ನಿಂತಲ್ಲೇ ಲೆಕ್ಕ ಹಾಕಿದಳು. ಅಕ್ಕಿಯಲ್ಲಿ ಭಾರದ ಇಂಗಾಲ ಗೋಧಿಗಿಂತ ಕಡಿಮೆ. ಅಕ್ಕಿಯನ್ನು ಗೋಧಿಯೆಂದು ನಂಬಿಸಿದರೆ, ಯಂತ್ರ ಎಲ್ಲವನ್ನೂ ಇದ್ದದ್ದಕ್ಕಿಂತ ಭಾರವೆಂದೇ ಹೇಳುತ್ತದೆ. ಚೊಕ್ಕ ಜೇನೂ ಸಕ್ಕರೆ ಬೆರೆತದ್ದಾಗುತ್ತದೆ.

"ಬ್ಯಾಸಗಿಯಾಗ ಖಾನಾಪುರದ ಸಂಗವ್ವನ ಜೇನು ಫೇಲ್ ಮಾಡೀವಿ ಸರ್."

"ಮಾಡೀವಿ. ರಿಪೋರ್ಟಿನ ಮ್ಯಾಲಿನ ಸಹಿ ನಿಂದು. ಸುಮ್ಮ ಕೆಲಸಾ ನೋಡು."

ಅವಳು ಶೀಷೆ ಹಿಡಿದು ಹೊರಬಂದಳು. ಕೈಯನ್ನು ಸೋಪು ಹಚ್ಚಿ ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಏನೋ ಹರಿದಾಡಿದಂತಿತ್ತು. ಶೀತಪೆಟ್ಟಿಗೆಯಲ್ಲಿ ಸಂಗವ್ವನ ಜೇನು ಸ್ವಲ್ಪ ಉಳಿದಿತ್ತು. ಅದನ್ನು ಹುಬ್ಬಳ್ಳಿಯ ಇನ್ನೊಂದು ಪ್ರಯೋಗಶಾಲೆಯಲ್ಲಿದ್ದ ಗೆಳತಿ ಮುಸ್ಕಾನಳಿಗೆ ಕಳಿಸಿದಳು. ವಾರದೊಳಗೆ ಫೋನು ಬಂತು. "ಚೊಕ್ಕ ಐತಿ ಕೌಸರ. ಸಕ್ಕರಿ ಸೋಂಕಿಲ್ಲ."

ಮರುದಿನ ಹಿಟ್ಟಿನ ಶೀಷೆ ಚೀಲಕ್ಕೆ ಹಾಕಿ, ರಜೆ ಕೇಳದೆ ಖಾನಾಪುರದ ಬಸ್ಸು ಹತ್ತಿದಳು. ಸಂಗವ್ವನ ಅಂಗಳದಲ್ಲಿ ಜೇನಿನ ಡಬ್ಬಿಗಳು ಬೋರಲು ಬಿದ್ದಿದ್ದವು. ಅವುಗಳ ಅಂಚಿಗೆ ಸತ್ತ ಇರುವೆಗಳು ಅಂಟಿಕೊಂಡಿದ್ದವು. ಸಂಗವ್ವ ಕಟ್ಟೆಯ ಮೇಲೆ ಕೂತು ಹೊಗೆಸೊಪ್ಪು ಜಗಿಯುತ್ತ, ಕೌಸರ ಹೇಳಿದ್ದನ್ನೆಲ್ಲ ಕೇಳಿದಳು.

"ಜೇನೆಲ್ಲಾ ಹೊಳಿಗೆ ಸುರುವೀನಿ," ಅಂದಳು. "ದೇವರ ಅಭಿಷೇಕಕ್ಕ ಸೈತ ನಂದು ಒಲ್ಲೆ ಅಂದ್ರು. ಸಕ್ಕರಿ ಸಂಗವ್ವ ಅಂತ ಹೆಸರಿಟ್ಟಾರ. ಮೊಮ್ಮಗಳನ್ನ ಸಾಲ್ಯಾಗ ಹಂಗಽ ಕರಿತಾರ."

"ತಪ್ಪು ನಮ್ಮದಽ ಅಕ್ಕಾರ."

"ನನ್ನ ಕಿವ್ಯಾಗ ಹೇಳಿದ್ರ ಏನು ಬಂತು? ಸೊಸಾಯಿಟಿಯಿಂದ ನನ್ನ ಹೊರಗ ಹಾಕಿದವ್ರ ಮುಂದ ಹೇಳ್ರಿ. ಇವತ್ತಽ ಅವ್ರ ಸಭಾ ಐತಿ."

ಕೌಸರಳಿಗೆ ಸಹಿಯ ಬಗ್ಗೆ ಓಂಕಾರ ಹೇಳಿದ ಮಾತು ನೆನಪಾಯಿತು. ಆದರೂ ಸಂಗವ್ವನ ಜೊತೆ ಎದ್ದು ಹೊರಟಳು.

ಜೇನು ಸೊಸಾಯಿಟಿಯ ಕೋಣೆಯಲ್ಲಿ ಚೇರಮನ್ ಮೈಲಾರಲಿಂಗ ಮತ್ತು ಸದಸ್ಯರು ಚುರಮುರಿ ತಿನ್ನುತ್ತಿದ್ದರು. ಕೌಸರ ಚೀಲದಿಂದ ಶೀಷೆ ತೆಗೆದು ಮೇಜಿನ ಮೇಲೆ ಹಾಸಿದ ಪೇಪರಿಗೆ ಸುರಿದಳು. ಗಂಟು ಗಂಟಾದ ಹಿಟ್ಟಿನಿಂದ ಹುಳುಗಳು ಬಿಡಿಸಿಕೊಂಡು ನಾಲ್ಕೂ ಕಡೆ ಹರಿದವು. ಒಬ್ಬ ಕುರ್ಚಿ ಹಿಂದೆ ಎಳೆದ. ಮೈಲಾರಲಿಂಗ ಟವೆಲಿನಿಂದ ಮೂಗು ಮುಚ್ಚಿಕೊಂಡ.

"ಏನಿದು ಹೊಲಸು?"

"ಇದಕ್ಕ ಹೋಲಿಸಿ ನೋಡಿ ಇವ್ರ ಜೇನು ಕೆಟ್ಟೈತಿ ಅಂತ ಬರದೀವ್ರಿ. ಸಹಿ ನಂದು. ಹುಬ್ಬಳ್ಳ್ಯಾಗ ತಿರಗಿ ನೋಡಿಸೀನಿ. ಅದರಾಗ ಸಕ್ಕರಿ ಇರಲಿಲ್ಲ."

ಒಂದು ಹುಳು ಚುರಮುರಿಯ ತಟ್ಟೆಯ ಅಂಚು ಹತ್ತಿತು. ಮೈಲಾರಲಿಂಗ ತಟ್ಟೆಯನ್ನು ದೂರ ಸರಿಸಿ, ಗಂಟಲು ಸರಿಮಾಡಿಕೊಂಡ.

"ಆಗಿದ್ದು ಆತು ಬಿಡ್ರಿ. ಸಂಗವ್ವ, ಈ ಸಲದ ಜೇನು ತಂದು ಹಾಕು. ತಗೋತೀವಿ."

ಸಂಗವ್ವ ಬಾಗಿಲಿಗೆ ಹೋಗಿ ಬಾಯೊಳಗಿನ ಹೊಗೆಸೊಪ್ಪನ್ನು ಉಗುಳಿದಳು. ಕಾಲಿನಿಂದ ಅದರ ಮೇಲೆ ಮಣ್ಣು ಎಳೆದು, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡಳು. ಒಳಗಿದ್ದವರು ಅವಳ ಉತ್ತರಕ್ಕೆ ಕಾಯುತ್ತಿದ್ದರು. ಅವಳು ತಿರುಗಿ ನೋಡದೆ, ಬಿಸಿಲಿನಲ್ಲಿ, ತಾನು ಜೇನು ಸುರಿದಿದ್ದ ಹೊಳೆಯ ದಾರಿ ಹಿಡಿದು ನಿಧಾನವಾಗಿ ನಡೆದಳು.