ಕತ್ತರಿಸು, ಬಿಡು

ಅಣ್ಣನ ಬೈಂಡಿಂಗ್ ಅಂಗಡಿಯಲ್ಲಿದ್ದ ಕಾಗದ ಕತ್ತರಿಸುವ ಮಷೀನು ಹಳೆಯದು. ಅದಕ್ಕೆ ಮಾತು ಕಲಿಸಿದವಳು ತಂಗಿ. ಬೆಂಕಿಪೊಟ್ಟಣದಷ್ಟಿದ್ದ ಮೈಕ್ರೊಕಂಟ್ರೋಲರ್ ಬೋರ್ಡೊಂದನ್ನು ಅದರ ಹೊಟ್ಟೆಯೊಳಗೆ ಕೂರಿಸಿ, ಯುಎಸ್‌ಬಿ ವೈರಿನಿಂದ ಮೇಜಿನ ಮೇಲಿನ ಕಂಪ್ಯೂಟರಿಗೆ ಜೋಡಿಸಿದ್ದಳು. ಅವಳ ಪ್ರೋಗ್ರಾಮು ಒಂದು ಆಜ್ಞೆ ಕಳಿಸುತ್ತದೆ. ಸಾಲು ಮುಗಿಯಿತೆಂಬ ಗುರುತು ಸಿಕ್ಕಿದ ಕೂಡಲೇ ಬೋರ್ಡು ಹೇಳಿದಂತೆ ಮಾಡುತ್ತದೆ. ಅಣ್ಣನಿಗೂ ಅರ್ಥವಾಗಲೆಂದು ಆಜ್ಞೆಗಳನ್ನು ಕನ್ನಡದಲ್ಲೇ ಇಟ್ಟಿದ್ದಳು. 'ಹಿಡಿ' ಅಂದರೆ ಕಬ್ಬಿಣದ ಪಟ್ಟಿ ಇಳಿದು ಕಾಗದದ ಕಟ್ಟನ್ನು ಅದುಮುತ್ತದೆ. 'ಕತ್ತರಿಸು' ಅಂದರೆ ಪಟ್ಟಿಯ ಮುಂದಿರುವ ಬ್ಲೇಡು ಇಳಿಯುತ್ತದೆ. 'ಬಿಡು' ಅಂದರೆ ಪಟ್ಟಿ ಮೇಲೇಳುತ್ತದೆ.

ಆ ಬೆಳಿಗ್ಗೆ ಪ್ರೋಗ್ರಾಮನ್ನು ತಿದ್ದಿ, ಹಿಡಿಯುವುದನ್ನೂ ಕತ್ತರಿಸುವುದನ್ನೂ ಪರದೆಯ ಮೇಲಿನ ಒಂದೇ ಗುಂಡಿಗೆ ಸೇರಿಸಿದ್ದಳು.

"ಶುರು ಮಾಡ್ಲಾ?" ಪರದೆಯಿಂದ ಕಣ್ಣೆತ್ತದೆ ಕೇಳಿದಳು.

"ಹೂಂ, ಮಾಡು."

ಗುಂಡಿ ಒತ್ತಿದಳು. ಅಷ್ಟರಲ್ಲಿ ಅಣ್ಣನಿಗೆ ಮೇಲಿನ ಹಾಳೆ ಸೊಟ್ಟಗಿರುವುದು ಕಂಡು, ಕೈ ತಾನಾಗಿ ಮುಂದೆ ಹೋಯಿತು. ಪಟ್ಟಿ ಇಳಿಯಿತು.

"ಬೆರಳು ಸಿಕ್ಕಾಕೊಂತು ಕಣೇ." ಅವನ ದನಿ ವಿಚಿತ್ರವಾಗಿ ತಗ್ಗಿತ್ತು.

ಎರಡು ಬೆರಳ ತುದಿಗಳು ಪಟ್ಟಿಯಡಿ ಇದ್ದವು. ಗೆಣ್ಣುಗಳ ನೇರಕ್ಕೆ, ಮೇಲೆ, ಬ್ಲೇಡು ಹೊಳೆಯುತ್ತ ನಿಂತಿತ್ತು. ಯಾಕೆ ನಿಂತಿದೆಯೋ ಅವಳಿಗೆ ತಿಳಿಯಲಿಲ್ಲ.

ಮೂಲೆಯಲ್ಲಿ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದ ಅತ್ತಿಗೆ ಮೇನ್ ಸ್ವಿಚ್ಚಿನತ್ತ ಓಡಿದಳು.

"ಅತ್ತಿಗೆ, ಮುಟ್ಬೇಡಿ. ಕರೆಂಟ್ ಹೋದ್ರೆ ಬ್ಲೇಡ್ ತಾನಾಗೇ ಬಿದ್ದುಬಿಡುತ್ತೆ."

"ಮತ್ತೆ ಆ ವೈರಾದ್ರೂ ಕೀಳ್ಲಾ?"

"ಕಿತ್ರೆ ಅದಕ್ಕೆ ಬಿಡು ಅಂತ ಹೇಳೋಕೆ ದಾರೀನೇ ಇರಲ್ಲ."

ಪರದೆಯ ಮೇಲೆ 'ಬಿಡು' ಗುಂಡಿ ಕಣ್ಣೆದುರೇ ಇತ್ತು. ಒತ್ತಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಪ್ರೋಗ್ರಾಮಿನ ಸಾಲುಗಳನ್ನು ನೋಡಿದಳು. ಕೈ ಹಿಂದಕ್ಕೆ ಎಳೆದುಕೊಂಡಳು. 'ಕತ್ತರಿಸು' ಆಗಲೇ ಹೋಗಿಯಾಗಿತ್ತು; ಬೆಳಿಗ್ಗೆಯ ಆತುರದಲ್ಲಿ ಅದರ ಕೊನೆಗೆ ಸಾಲು ಮುಗಿದ ಗುರುತು ಹಾಕಲು ಮರೆತಿದ್ದಳು. ಬೋರ್ಡು ಆ ಮಾತನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿತ್ತು. ಈಗ 'ಬಿಡು' ಹೋದರೆ ಅದು ಇದರ ಬಾಲಕ್ಕೆ ಅಂಟಿಕೊಂಡು ಒಂದೇ ಸಾಲಾಗುತ್ತದೆ. ಬೋರ್ಡು ಸಾಲನ್ನು ಪೂರ್ತಿ ಓದುತ್ತದೋ, ಮೊದಲ ಪದ ಕಂಡ ಕೂಡಲೇ ಕೆಲಸಕ್ಕಿಳಿಯುತ್ತದೋ? ಬರೆದವಳಿಗೇ ನೆನಪಾಗಲಿಲ್ಲ.

"ಏನಾಯ್ತೇ? ಕೈ ಜೋಮು ಹಿಡೀತಿದೆ."

"ಸುಮ್ನಿರು ಅಣ್ಣಾ. ಅಲ್ಲಾಡ್ಬೇಡ."

"ಅಲ್ಲಾಡಿ ಎಲ್ಲಿಗ್ ಹೋಗ್ಲಿ ಹೇಳು."

ಒಂದು ಮಾತ್ರ ಖಚಿತವಾಗಿ ನೆನಪಿತ್ತು: ಸಾಲು ಮಿತಿಮೀರಿ ಉದ್ದವಾದರೆ ಬೋರ್ಡು ಅದನ್ನಿಡೀ ಎಸೆದುಬಿಡುತ್ತದೆ. ಟೈಪ್ ಮಾಡಿದ ಅಕ್ಷರವನ್ನು ಹಾಗೆಹಾಗೇ ಕಳಿಸುವ ಕಿಟಕಿ ತೆರೆದಳು. ಎಂಟರ್ ಮಾತ್ರ ತಾಗಬಾರದು; ಸಾಲು ಮುಗಿಯಿತೆಂಬ ಗುರುತು ಅದೇ. ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಎಡಗೈಯ ಒಂದೇ ಬೆರಳಿನಿಂದ ಅರ್ಥವಿಲ್ಲದ ಅಕ್ಷರಗಳನ್ನು ಕುಟ್ಟತೊಡಗಿದಳು. ಬೆವರಿಗೆ ಬೆರಳು ಜಾರುತ್ತಿತ್ತು. ಬೋರ್ಡು ತುಟಿ ಬಿಚ್ಚಲಿಲ್ಲ. ಇನ್ನಷ್ಟು ಕುಟ್ಟಿದಳು. ಅತ್ತಿಗೆ ಗಂಡನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು.

ಪರದೆಯಲ್ಲಿ ಉತ್ತರ ಮೂಡಿತು: ಸಾಲು ಉದ್ದವಾಯಿತು, ಎಸೆದೆ.

ನಿಜವಾಗಿಯೂ ಪೂರ್ತಿ ಎಸೆದಿದೆಯೇ? ನಂಬದೆ ಬೇರೆ ದಾರಿಯಿರಲಿಲ್ಲ. 'ಬಿಡು' ಎಂದು ಬರೆದು ಎಂಟರ್ ಒತ್ತಿದಳು.

ಪಟ್ಟಿ ಮೇಲೆದ್ದಿತು. ಅಣ್ಣ ಕೈ ಎಳೆದುಕೊಂಡು ನೆಲದ ಮೇಲೇ ಕುಳಿತ. ಒಂದು ಬೆರಳಿನ ಮೂಳೆ ಬಿರುಕು ಬಿಟ್ಟಿದೆ, ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು.

ಮಾರನೆಯ ದಿನ ಅವಳು ಮಷೀನಿಗೆ ರದ್ದಿ ಕಾಗದ ಇಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ, ಗುರುತಿಲ್ಲದ ಆ ಆಜ್ಞೆಯನ್ನು ಮತ್ತೆ ಕಳಿಸಿದಳು. ಆಮೇಲೆ 'ಬಿಡು' ಗುಂಡಿ ಒತ್ತಿದಳು.

ಬ್ಲೇಡು ಧಡ್ ಎಂದು ಇಳಿಯಿತು.

ಅವಳು ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಅತ್ತಿಗೆ ಹಿಂದೆಯೇ ಹೋಗಿ ಬೆನ್ನು ಸವರಿದಳು.

ವಾರದೊಳಗೆ ಮಷೀನಿಗೇ ಎರಡು ಗುಂಡಿ ಬಂದವು. ಎರಡೂ ಕೈಯಲ್ಲಿ ಅವನ್ನು ಒತ್ತಿ ಹಿಡಿಯದೆ ಏನೂ ಕೆಳಗಿಳಿಯದು. ಕಂಪ್ಯೂಟರ್ ಏನೇ ಹೇಳಲಿ.

"ಕೈಗೆ ಕಟ್ಟು ಹಾಕ್ಕೊಂಡೋನಿಗೆ ಎರಡು ಗುಂಡಿ ಕೊಟ್ಟಿದ್ದೀಯಲ್ಲೇ" ಎಂದು ಅಣ್ಣ ಗೊಣಗಿದ.

"ಕಟ್ಟು ಬಿಚ್ಚೋವರೆಗೂ ಮಷೀನ್ ಸುಮ್ನೆ ನಿಂತಿರಲಿ" ಎಂದಳು ತಂಗಿ.