ಮುಖಂಡರ ಜ್ವರ

ಸಮೋವಾದ ನಮ್ಮೂರಿಗೆ ಆನೆಕಾಲು ರೋಗದ ಹುಳುವಿಗೆ ಮಾತ್ರೆ ಹಂಚಲು ಬಂದ ನರ್ಸಮ್ಮ ಮೊದಲೇ ಹೇಳಿದ್ದಳು: "ಮೈಯಲ್ಲಿ ಹುಳ ಇದ್ರೆ, ಅದು ಸಾಯುವಾಗ ಜ್ವರ, ತಲೆನೋವು ಬರಬಹುದು. ಗಾಬರಿ ಬೀಳ್ಬೇಡಿ."

ನನ್ನ ಗಂಡ ಫೊನೋಟಿ, ನಮ್ಮೂರಿನ ಮುಖಂಡರು. ತಪ್ಪು ಮಾಡಿದವರಿಗೆ ಹಂದಿಯ ದಂಡ ಹಾಕುವುದೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ಮಾತ್ರೆ ಗಂಟಲಿಳಿಯುವ ಮೊದಲೇ ಸಭೆಯಲ್ಲಿ ಗುಡುಗಿದರು: "ಜ್ವರ ಬಂದೋನು ಕೊಳಕ ಅಂತಾಯ್ತು. ಅವನು ಊರಿಗೆಲ್ಲ ಹಂದಿ ಕೊಯ್ದು ಹಾಕ್ಲಿ!"

ಮರುದಿನ ಭಾನುವಾರ. ಚರ್ಚು ಮುಗಿಸಿ ಊರವರು ನಮ್ಮಲ್ಲಿ ಊಟಕ್ಕೆ ಕೂತಿದ್ದರು. ಆ ಸುಡುಬಿಸಿಲಲ್ಲಿ ಮುಖಂಡರು ಎರಡೆರಡು ಹೊದಿಕೆ ಹೊದ್ದು, ಹಲ್ಲು ಕಟಕಟಿಸುತ್ತ ನಡುಗುತ್ತಿದ್ದರು.

"ಗಾಳಿ ತಣ್ಣಗಿದೆ ಕಣೇ," ಎಂದರು.

"ಹೌದ್ರೀ," ಎಂದೆ, ಎಲ್ಲರಿಗೂ ಕೇಳುವಂತೆ. "ಹಿತ್ತಲಲ್ಲಿ ನಿಮ್ಮ ಹಂದೀನೂ ನಡುಗ್ತಿದೆ."