ಕೃಷ್ಣಾಜಿ ಹದ ಹಾಕಿದ ಈಳಿಗೆ

ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ಐದನೆಯ ವರ್ಷ, ಜಮಖಂಡಿಯ ಮಾಮಲೇದಾರ ಕಚೇರಿಯ ಕಾರಕೂನ ಕೃಷ್ಣಾಜಿ ಹೆಂಡತಿಯ ಈಳಿಗೆ ಮುರಿದರು. ಸೀಮೆಎಣ್ಣೆ ಡಬ್ಬಿಯ ಮುಚ್ಚಳ ಮೀಟಲು ಬೇರೇನೂ ಕೈಗೆ ಸಿಗಲಿಲ್ಲ ಎಂಬುದು ಅವರ ವಾದ. ಅಲಗು ನಟ್ಟನಡುವೆ ಎರಡಾಗಿತ್ತು.

ಅದು ಕಾಶೀಬಾಯಿಯ ತಾಯಿಯ ಈಳಿಗೆ. ತಾಯಿ ತೀರಿಕೊಂಡಾಗ ಅಕ್ಕ ಇಂದಿರಾಬಾಯಿಯೂ ಅದನ್ನೇ ಕೇಳಿದ್ದಳು, ಸಿಕ್ಕದ್ದು ತಂಗಿಗೆ. ಆ ಅಕ್ಕ ಮುಧೋಳದಿಂದ ಭಾನುವಾರ ಬರುವವಳಿದ್ದಳು. ಅಂದು ಬುಧವಾರ.

"ಇದನ್ನ ನೋಡಿದ್ರ ಅಕ್ಕ ನಾ ಸಾಯೋತನಕ ನನ್ನ ಆಡ್ಕೋತಾಳ," ಎಂದಳು ಕಾಶೀಬಾಯಿ. "ನಾ ನಿಮ್ಮನ್ನ ಆಡ್ಕೋತೇನಿ."

ಕಂಬಾರ ಶಿದ್ರಾಮಪ್ಪ ಮಲ್ಲಯ್ಯನ ಕಂಬಿ ಹೊತ್ತ ಯಾತ್ರಿಕರ ಜೊತೆ ಶ್ರೀಶೈಲಕ್ಕೆ ನಡೆದುಹೋಗಿದ್ದ. ಯುಗಾದಿ ಮುಗಿಸಿ ಅವನು ತಿರುಗಿ ಬರುವವರೆಗೆ ಕುಲುಮೆ ಹೊತ್ತಿಸುವುದಿಲ್ಲವೆಂಬುದು ಆ ಮನೆಯ ನೇಮ. ಆದರೆ ಅವನ ಹೆಂಡತಿ ಸತ್ಯವ್ವ ಇಪ್ಪತ್ತು ವರ್ಷ ತಿದಿ ಒತ್ತಿದವಳು. ಕಬ್ಬಿಣ ಉಜ್ಜುವ ಸವೆದ ಎರಡು ಅರಗಳನ್ನೂ ಒಂದು ಸೂಜಿಗಲ್ಲನ್ನೂ ಕೃಷ್ಣಾಜಿಯ ಕೈಗಿಟ್ಟು, ಕುಲುಮೆಯಿಲ್ಲದೆ ಅಲಗು ಮಾಡುವ ಬಗೆಯನ್ನು ಬಿಡಿಸಿ ಹೇಳಿದಳು.

"ಸೂಜಿಗಲ್ಲು ಹಿಡಿಯೂದು ಬಿಟ್ಟಿತಂದ್ರ ಕಾಯ್ದೈತಿ ಅಂತ ತಿಳೀರಿ, ರಾಯರ. ಆಗ ಎಣ್ಣ್ಯಾಗ ಅದ್ರಿ. ನೀರು ಮಾತ್ರ ಮುಟ್ಟಸಬ್ಯಾಡ್ರಿ, ಅರದ ಉಕ್ಕಿಗೆ ಸಿಟ್ಟು ಭಾಳ."

"ಆಮೇಲೆ?"

"ಆಮ್ಯಾಲ ಗಾಜಿನಂಗ ಇರತೈತಿ. ಸಣ್ಣ ಉರಿ ಮ್ಯಾಲ ಹದಕ್ಕ ತರಬೇಕು. ಒಣಗಿದ ಜ್ವಾಳದ ಕಣಿಕಿ ಬಣ್ಣ ಬಂದಕೂಡ್ಲೆ ತೆಗೀರಿ."

ಗುರುವಾರ ಹಿತ್ತಲಲ್ಲಿ ಒಲೆ ಎದ್ದಿತು. ಮಣ್ಣು ಹೊರುವ ಕಬ್ಬಿಣದ ಬುಟ್ಟಿಗೆ ಒಳಗೆ ಕೆಸರು ಮೆತ್ತಿ, ಬದಿಯ ತೂತಿಗೆ ಒಂದು ನಳಿಗೆ ಸೇರಿಸಿ, ನಳಿಗೆಗೆ ಸೈಕಲ್ ಪಂಪು ಜೋಡಿಸಿದರು. ಯಾವ ಗಾಲಿ ಪಂಚರ್ ಆಗಿದೆ ಎಂದು ನೆರೆಯ ಶ್ರೀಧರ ಗೋಡೆಯ ಮೇಲಿಂದ ವಿಚಾರಿಸಿದ. ಕೃಷ್ಣಾಜಿ ಏದುಸಿರು ಬಿಡುತ್ತ ಪಂಪು ಒತ್ತಿದರು. ಅರಗಳನ್ನು ಇದ್ದಿಲಲ್ಲಿ ಕೆಂಪಗೆ ಕಾಸಿ ಬಾಗಿಸಿ, ಮೆತ್ತಗಾಗಲೆಂದು ಮರುದಿನದವರೆಗೆ ಬಿಸಿಬೂದಿಯಲ್ಲಿ ಹೂತಿಟ್ಟರು. ಶುಕ್ರವಾರ ಕಚೇರಿಯಿಂದ ಬಂದು ಬಡಿಗನಿಂದ ಕಡ ತಂದ ಹೊಸ ಅರದಿಂದ ಉಜ್ಜಿ ಎರಡಕ್ಕೂ ಅಂಚು ತೆಗೆದರು.

ಶನಿವಾರ ಮುಂಜಾನೆ ಮೊದಲನೆಯದು ಕೆಂಡದ ಬಣ್ಣಕ್ಕೆ ಬಂತು. ಸೂಜಿಗಲ್ಲು ಹಿಡಿಯಲಿಲ್ಲ. ಕೃಷ್ಣಾಜಿ ಇಕ್ಕಳದಲ್ಲಿ ಅಲಗನ್ನೆತ್ತಿ ಕುಸುಬಿ ಎಣ್ಣೆಯ ಡಬ್ಬಿಯ ಕಡೆ ತಿರುಗಿದರು. ಅಷ್ಟರಲ್ಲಿ ಮಡಿಯುಟ್ಟು ಬಂದ ಕಾಶೀಬಾಯಿ ಅದರ ಮೇಲೆ ಒಂದು ತಂಬಿಗೆ ನೀರು ಸುರಿದಳು.

ಟಿಣ್ ಎಂದಿತು. ಅಲಗಿನ ಉದ್ದಕ್ಕೂ ಬಿರುಕು.

"ಏನ್ ಮಾಡಿದಿ?"

"ಹೊರಗಿಂದು. ನೀರು ಹಾಕದ ಅಡಿಗಿ ಮನ್ಯಾಗ ಹೆಂಗ ತರೋದು?"

ಕಾಯಿಪಲ್ಲೆಯಿಂದ ಹಿಡಿದು ಹೊಸ ಪಾತ್ರೆಯವರೆಗೆ ಆ ಮನೆಯ ಹೊಸ್ತಿಲಲ್ಲಿ ನೀರು ಬೀಳದೆ ಒಳಗೆ ಹೋದದ್ದು ಯಾವುದೂ ಇರಲಿಲ್ಲ. ಸತ್ಯವ್ವ ಹೇಳಿದ್ದನ್ನು ಹೆಂಡತಿಗೆ ತಿಳಿಸದೇ ಇದ್ದದ್ದು ತಮ್ಮದೇ ತಪ್ಪೆಂದು ಕೃಷ್ಣಾಜಿಗೆ ಹೊಳೆಯಿತು. ಇಕ್ಕಳ ಕೆಳಗಿಟ್ಟು ಮೆಲ್ಲಗೆ ಕೇಳಿದರು:

"ಬೆಂಕ್ಯಾಗ ಬಿದ್ದು ಎದ್ದದ್ದಕ್ಕ ಇನ್ನ್ಯಾವ ಮಡಿ ಬೇಕು?"

ಕಾಶೀಬಾಯಿ ತಂಬಿಗೆಯನ್ನು ಬಾವಿಕಟ್ಟೆಯ ಮೇಲಿಟ್ಟು ಬಂದಳು. ಪಂಪು ತಾನೇ ಹಿಡಿದಳು.

ಎರಡನೆಯದು ಎಣ್ಣೆಗಿಳಿದಾಗ ಭುಗ್ಗೆಂದು ಜ್ವಾಲೆ ಎದ್ದು ಇಳಿಯಿತು. ಬಿರುಕಿರಲಿಲ್ಲ. ಹೊಸ ಅರ ಹಾಕಿ ನೋಡಿದರೆ ಕಚ್ಚದೆ ಜಾರಿತು, ಉಕ್ಕು ಗಟ್ಟಿಯಾಗಿತ್ತು. ಇಟ್ಟಿಗೆ ಪುಡಿಯಿಂದ ಬೆಳಗಿ, ಹಳೆಯ ತವೆಯ ಮೇಲೆ ಮರಳು ಹರವಿ, ಅಲಗನ್ನು ಅದರ ಮೇಲಿಟ್ಟು ಸಣ್ಣ ಉರಿ ಮಾಡಿದರು. ಕೃಷ್ಣಾಜಿ ಕನ್ನಡಕ ಒರೆಸಿ ಒರೆಸಿ ನೋಡಿದರು; ಅವರಿಗೆ ಎಲ್ಲವೂ ಒಂದೇ ಬಣ್ಣ. ಇನ್ನಷ್ಟು ಇರಲಿ ಎಂದರು.

"ಬ್ಯಾಡ, ತೆಗೀರಿ," ಎಂದಳು ಕಾಶೀಬಾಯಿ. "ಉಂಡಿಗೆ ಹುರಿದ ಕಡ್ಲಿಹಿಟ್ಟಿನ ಬಣ್ಣ ಬಂದದ. ಇನ್ನೊಂದು ಗಳಿಗಿ ಬಿಟ್ರ ಕಂದಾಗ್ತದ."

ತೆಗೆದರು.

ಭಾನುವಾರ ಇಂದಿರಾಬಾಯಿ ಬಂದವಳೇ ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ಬಲಿತ ಸೋರೆಕಾಯಿ ಹೆಚ್ಚತೊಡಗಿದಳು. ಹೊರಗೆ ಕೃಷ್ಣಾಜಿ ಪತ್ರಿಕೆಯ ಒಂದೇ ಸಾಲನ್ನು ಮೂರು ಸಲ ಓದಿದರು. ಹೊಸ ಅಲಗನ್ನು ಕೂರಿಸಿದ್ದ ಮಣೆ ಹಳೆಯದೇ ಆದ್ದರಿಂದ ಅವಳಿಗೆ ಸಂಶಯ ಬರಲಿಲ್ಲ.

"ಆಯಿ ಈಳಿಗಿ ಇನ್ನೂ ಎಷ್ಟು ಛಲೋ ಅದ ನೋಡು," ಎಂದಳು. "ನನಗ ಬರಬೇಕಿತ್ತು."

ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಕಾಶೀಬಾಯಿಗೆ ಸುಮ್ಮನಿರಲಾಗಲಿಲ್ಲ.

"ಆಯಿದು ಮುರೀತು, ಅಕ್ಕ. ಇದು ಇವರು ಮಾಡಿದ್ದು. ಹದ ಹಿಡದವಳು ನಾ."

ಇಂದಿರಾಬಾಯಿ ಕಾಯಿ ಕೆಳಗಿಟ್ಟು ಅಲಗಿಗೆ ಹೆಬ್ಬೆರಳು ತಾಗಿಸಿ ನೋಡಿದಳು. ಹೊರಗೆ ಪತ್ರಿಕೆ ಸದ್ದಿಲ್ಲದೆ ಮಡಚಿಕೊಂಡಿತು.

"ಹಂಗಾದ್ರ ನನಗೂ ಒಂದು ಮಾಡಿಕೊಡ್ರಿ ಅನ್ನು," ಎಂದಳು ಇಂದಿರಾಬಾಯಿ.

"ಮಾಡ್ತಾರ. ಎಣ್ಣಿ ನೀ ತರಬೇಕು."